ಮೂರನೆಯ ತಂತಿ

ಕಲಬುರಗಿಯ ಬಿಸಿಲಿನ ಬಗ್ಗೆ ಊರಿಗೆ ಬಂದ ನೆಂಟರೆಲ್ಲ ಒಂದೊಂದು ಮಾತು ಆಡಿ ಹೋಗುತ್ತಾರೆ. ಇಲ್ಲಿಯೇ ಇರುವ ನಾವು ಮಾತಾಡುವುದಿಲ್ಲ. ಮಾರ್ಚ್ ಬಂತೆಂದರೆ ಹಿಂದಿನ ಕೋಣೆಯಿಂದ ಕೂಲರನ್ನು ಎಳೆದು ತರುತ್ತೇವೆ. ನಮ್ಮ ಮನೆಯದು ಕಬ್ಬಿಣದ ತಗಡಿನ ದೊಡ್ಡ ಪೆಟ್ಟಿಗೆ. ಮೂರು ಕಡೆ ಹುಲ್ಲಿನ ಪ್ಯಾಡು, ಎದುರಿಗೆ ಜಾಳಿ, ಕೆಳಗೆ ನೀರು, ನೀರಿನಲ್ಲಿ ಮುಳುಗಿ ಕೂತ ಅಂಗೈಯಗಲದ ಪಂಪು.

ಆ ಕೂಲರಿಗೊಂದು ಗುಣವಿತ್ತು. ನೀರು ತುಂಬುವಾಗ ಅದರ ಮೈ ತಾಕಿದರೆ ಕೈ ಜುಮ್ಮೆನ್ನುತ್ತಿತ್ತು. ಮೊದಲ ವರ್ಷ ಹೆದರಿದೆವು, ಎರಡನೆಯ ವರ್ಷ ರೂಢಿಯಾಯಿತು, ಮೂರನೆಯ ವರ್ಷಕ್ಕೆ ಕೂಲರಿನ ಪಕ್ಕ ಒಂದು ಜೊತೆ ಹವಾಯಿ ಚಪ್ಪಲಿ ಬಂದು ಕೂತಿತು. ನಡುಮನೆಯಲ್ಲಿ ಚಪ್ಪಲಿಯೇ ಎಂದು ಅತ್ತೆ ಗೊಣಗಿ ಸುಮ್ಮನಾದರು. "ಚಪ್ಪಲಿ ಹಾಕ್ಕೊಂಡು ಮುಟ್ರಿ, ಏನೂ ಆಗೂದಿಲ್ಲ" ಎಂದು ಬಂದವರಿಗೂ ನಾನು ಹೇಳಿಕೊಡುತ್ತಿದ್ದೆ. ಅಕ್ಕಿಯಲ್ಲಿ ನಾಲ್ಕು ಕಲ್ಲು ಸಿಕ್ಕರೆ ಅಂಗಡಿಯವರೆಗೂ ಹೋಗಿ ಜಗಳವಾಡುವವಳು ನಾನು. ಕೂಲರಿನ ರಿಪೇರಿಯನ್ನು ಮಾತ್ರ ಬೇಸಿಗೆ ಮುಗಿಯಲಿ ಎಂದು ಮುಂದೂಡುತ್ತಿದ್ದೆ. ಬೇಸಿಗೆ ಮುಗಿದ ಮೇಲೆ ಕೂಲರು ಯಾರಿಗೆ ನೆನಪಿರುತ್ತದೆ, ನೀವೇ ಹೇಳಿ.

2015ರ ಮೇ ತಿಂಗಳು. ಕೆಲಸಕ್ಕೆ ಬರುವಾಕೆ ಶಾಲೆಗೆ ರಜೆಯೆಂದು ಮಗಳನ್ನೂ ಕರೆತಂದಿದ್ದಳು. ಎಂಟೋ ಒಂಬತ್ತೋ ವರ್ಷದ ಹುಡುಗಿ. ಒರೆಸಿದ ಫರಸಿ ಇನ್ನೂ ಹಸಿಯಾಗಿತ್ತು. ತಣ್ಣನೆಯ ಗಾಳಿಗೆ ಮುಖ ಒಡ್ಡಲು ಹೋದ ಹುಡುಗಿ ಬರಿಗಾಲಲ್ಲಿ ನಿಂತು ಎರಡೂ ಕೈಯಿಂದ ಜಾಳಿ ಹಿಡಿದುಕೊಂಡಳು. ಕೂಗಲಿಲ್ಲ. ಮೈ ನಡುಗುತ್ತಿದ್ದುದನ್ನು ಕಂಡು ಆಟವಾಡುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅವಳ ಕಣ್ಣು ನೋಡಿದೆ. ಎಳೆದುಕೊಳ್ಳಲು ಓಡಿದೆ.

"ಮುಟ್ಟಬ್ಯಾಡ! ಮೊದಲು ಬಟನ್ ಬಂದ್ ಮಾಡು!"

ಒಳಗಿನಿಂದ ಅತ್ತೆ ಕೂಗಿದ್ದರು. ಅಕ್ಷರ ಬಾರದ ಅವರಿಗೆ ಈ ಪಾಠ ಗೊತ್ತಿದ್ದದ್ದು ಹೊಲದ ಪಂಪ್‌ಸೆಟ್ಟಿನಲ್ಲಿ ಸತ್ತ ತಮ್ಮನಿಂದ, ಮತ್ತು ಅವನನ್ನು ಬಿಡಿಸಲು ಹೋಗಿ ಜೊತೆಗೇ ಸತ್ತ ಆಳುಮಗನಿಂದ. ನಾನು ಗೋಡೆಯ ಬಟನ್ ಒತ್ತಿದೆ. ಹುಡುಗಿ ಕುಸಿದು ಬಿದ್ದಳು. ಉಸಿರಿತ್ತು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅಂಗೈಯ ಸುಟ್ಟ ಗಾಯಕ್ಕೆ ಮುಲಾಮು ಹಚ್ಚಿ, ರಾತ್ರಿಯಿಡೀ ಇರಿಸಿಕೊಂಡು ಮರುದಿನ ಕಳಿಸಿದರು. "ನಸೀಬ ಛಲೋ ಇತ್ತು ಅಕ್ಕೋರೆ" ಎಂದಳು ಆ ತಾಯಿ. ನಾನು ಮನೆಗೆ ಬಂದು ನೋಡಿದರೆ ಕೂಲರಿನ ಪಕ್ಕ ಆ ಚಪ್ಪಲಿ ಹಾಗೆಯೇ ಇತ್ತು. ನನ್ನ ಕಾಲಿನ ಅಳತೆಯದು.

ಎಲೆಕ್ಟ್ರಿಷಿಯನ್ ಬಂದು ಕೂಲರಿನ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. ಮೂರು ಪಿನ್ನುಗಳಲ್ಲಿ ಮೇಲಿನ ದಪ್ಪನೆಯದು ಇರಲಿಲ್ಲ. ಎರಡೇ ತೂತಿನ ಬೋರ್ಡಿಗೆ ಹೊಂದಲಿ ಎಂದು ಇಕ್ಕಳದಿಂದ ಮುರಿಸಿದ್ದು ಇನ್ನಾರೂ ಅಲ್ಲ, ನಾನೇ. ಕೂಲರು ತಿರುಗಲು ಎರಡು ತಂತಿ ಸಾಕು. ಮೂರನೆಯದು ತಗಡಿನ ಮೈಯಿಂದ ಹೊರಟು ನೆಲಕ್ಕೆ ಹೋಗುವ ಅರ್ತಿಂಗಿನ ತಂತಿ. ಪಂಪಿನ ಸುತ್ತು ಹಾಳಾಗಿ ಕರೆಂಟು ತಗಡಿಗೆ ಇಳಿದಾಗ ಅದಕ್ಕೆ ಹೋಗಲು ದಾರಿ ಇದೊಂದೇ. ಈ ದಾರಿ ಮುಚ್ಚಿದರೆ, ಮುಟ್ಟಿದವರ ಮೈಯೇ ದಾರಿ.

ಅವನು ಬಲ್ಬಿನ ಒಂದು ವೈರನ್ನು ಗೋಡೆಯ ಪ್ಲಗ್ಗಿನ ಫೇಸಿಗೂ ಇನ್ನೊಂದನ್ನು ಮೂರನೆಯ ತೂತಿಗೂ ಹಿಡಿದ. ದೀಪ ಹತ್ತಲಿಲ್ಲ. ಪಿನ್ನು ಮುರಿಯದಿದ್ದರೂ ಪ್ರಯೋಜನವಿರಲಿಲ್ಲ! ಅಂಗಳಕ್ಕೆ ಫರಸಿ ಹಾಸಿದಾಗ ಕೆಲಸದವರು ಅರ್ತಿಂಗಿನ ತಂತಿ ಕಡಿದು ಹಾಕಿದ್ದರು. ಎಷ್ಟೋ ವರ್ಷ ಇಡೀ ಮನೆಗೆ ಮೂರನೆಯ ತೂತು ಬರೀ ಶೋಭೆಗೆ ಇತ್ತು.

ಮರುವರ್ಷ ಎಸಿ ತಂದೆವು, ಒಂದೂವರೆ ಟನ್ನಿನದು. ಕೂಡಿಸಲು ಬಂದ ಹುಡುಗರಿಬ್ಬರು ಮಂಚದ ಪಕ್ಕದ ಹಳೆಯ ಪ್ಲಗ್ಗಿಗೇ ಸಿಗಿಸಲು ಹೊರಟರು. ಅದು ಏಳೆಂಟು ಆಂಪಿಯರ್ ಎಳೆಯುತ್ತದೆ. ಗೋಡೆಯೊಳಗಿದ್ದದ್ದು ದೀಪ, ಫ್ಯಾನಿಗೆಂದು ಹಾಕಿದ ಸಣ್ಣ ತಂತಿ. ಗಂಟೆಗಟ್ಟಲೆ ಓಡಿದರೆ ತಂತಿ ಕಾಯುತ್ತದೆ, ಸಡಿಲ ಜೋಡಣೆಯಿದ್ದಲ್ಲಿ ಸುಡುತ್ತದೆ. ಬೋರ್ಡಿನಿಂದ ನೇರವಾಗಿ, ನಡುವೆ ಗಂಟಿಲ್ಲದೆ, 4 ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು, 16 ಆಂಪಿಯರಿನ ಪ್ಲಗ್ಗು ಬೇಕು, ಹೊರಗಿನ ಪೆಟ್ಟಿಗೆಗೂ ಅರ್ತಿಂಗ್ ಬೇಕು ಎಂದೆ. "ಅಕ್ಕೋರು ಸೈನ್ಸ್ ಏನ್ರಿ?" ಎಂದು ಒಬ್ಬ ಕೇಳಿದ. ಕನ್ನಡ ಎಂದೆ. ಇಬ್ಬರೂ ನಕ್ಕರು. ಕೆಲಸವನ್ನು ಮಾತ್ರ ನಿಲ್ಲಿಸಿದೆ. ಎಸಿ ನಾಲ್ಕು ದಿನ ಡಬ್ಬಿಯಲ್ಲೇ ಇತ್ತು. ಮನೆಯವರ ಮುಖವೂ ನಾಲ್ಕು ದಿನ ಹಾಗೆಯೇ ಇತ್ತು.

ಆ ನಾಲ್ಕು ದಿನದಲ್ಲಿ ನಮ್ಮ ಎಲೆಕ್ಟ್ರಿಷಿಯನ್ ಹೊಸ ತಂತಿ ಎಳೆದ. ತುಳಸಿಕಟ್ಟೆಯ ಆಚೆ ಗುಂಡಿ ತೋಡಿ ಪೈಪು ಇಳಿಸಿ ಇದ್ದಿಲು, ಉಪ್ಪು ತುಂಬಿದ. ಬೋರ್ಡಿಗೆ ಆರ್‌ಸಿಸಿಬಿ ಎಂಬುದನ್ನೂ ಹಾಕಿದ. ಎಂಸಿಬಿ ಇದೆಯಲ್ಲ, ಇದೇಕೆ ಎಂದು ಕೇಳಿದೆ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಹರಿಯಬೇಕು. 16 ಆಂಪಿಯರ್ ಎಂದರೆ 16,000 ಮಿಲಿ ಆಂಪಿಯರ್. ಎದೆ ನಿಲ್ಲಲು ನೂರು ಮಿಲಿ ಆಂಪಿಯರ್ ಸಾಕು. ಎಂಸಿಬಿ ಕಾಯುವುದು ತಂತಿಯನ್ನು, ನಮ್ಮನ್ನಲ್ಲ. ಆರ್‌ಸಿಸಿಬಿಯಾದರೋ ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ತೂಗಿ ನೋಡುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕ್ಷಣದೊಳಗೆ ಕಡಿದು ಹಾಕುತ್ತದೆ. ಹಾಲಿನ ಲೆಕ್ಕ ಇಡುವ ನಮಗೆ ಇದು ತಿಳಿಯದ್ದೇನಲ್ಲ.

ಮೊದಲ ವಾರ ಅದು ದಿನಕ್ಕೆ ನಾಲ್ಕು ಸಲ ಬಿತ್ತು. ಅತ್ತೆಯ ಧಾರಾವಾಹಿ ನಿಂತಿತು. "ತೆಗೆದು ಹಾಕಿಬಿಡ್ಲೇನ್ರಿ?" ಎಂದ ಅವನೇ. ಒಂದೊಂದಾಗಿ ಬಿಚ್ಚಿಸಿ ನೋಡಿದರೆ ಸೋರುತ್ತಿದ್ದದ್ದು ಬಚ್ಚಲಿನ ಗೀಸರು. ದಿನವೂ ಮನೆಮಂದಿಯೆಲ್ಲ ಹಸಿ ಕಾಲಲ್ಲಿ ನಿಲ್ಲುವ ಜಾಗ!

ಅದರ ಮೇಲಿನ ಸಣ್ಣ ಬಟನ್ನನ್ನು ತಿಂಗಳಿಗೊಮ್ಮೆ ನಾನೇ ಒತ್ತುತ್ತೇನೆ. ಫಟ್ಟೆಂದು ಮನೆ ಕತ್ತಲಾದರೆ ಅದು ಬದುಕಿದೆ ಎಂದು ಅರ್ಥ. ಅರ್ತಿಂಗಿನ ಗುಂಡಿ ಬೇಸಿಗೆಯಲ್ಲಿ ಒಣಗಬಾರದೆಂದು ಎಲೆಕ್ಟ್ರಿಷಿಯನ್ ಹೇಳಿದ್ದನ್ನು ಅತ್ತೆ ಕೇಳಿಸಿಕೊಂಡಿದ್ದರು. ತುಳಸಿಗೆ ಒಂದು ತಂಬಿಗೆ ಹಾಕಿದ ಮೇಲೆ ಅದಕ್ಕೂ ಒಂದು ಬಿಂದಿಗೆ ಸುರಿಯುತ್ತಾರೆ. ಮೊನ್ನೆ ಅರಿಶಿನ ಕುಂಕುಮವನ್ನೂ ಕಂಡೆ.

ಕೆಲಸದಾಕೆ ಈಗಲೂ ಬರುತ್ತಾಳೆ. ಆ ಹುಡುಗಿ ಹೈಸ್ಕೂಲು ಮುಗಿಸಿದಳೆಂದು ಪೇಢೆ ತಂದುಕೊಟ್ಟಳು. ಮಗಳನ್ನು ಕರೆತಾ ಎಂದು ಎಷ್ಟೋ ಸಲ ಹೇಳಿದ್ದೇನೆ. "ಹೂಂ ಅಕ್ಕೋರೆ" ಎನ್ನುತ್ತಾಳೆ. ಕರೆತಂದಿಲ್ಲ.