ಅಂದಾಜು

“ಹುಳಿ ಎಷ್ಟಮ್ಮಾ?” ಎಂದು ಫೋನಿನಲ್ಲಿ ಕೇಳಿದರೆ “ಒಂದು ಲಿಂಬೆ ಗಾತ್ರ” ಎನ್ನುತ್ತಾಳೆ. ಬೆಲ್ಲ? “ಎರಡು ಅಡಿಕೆಯಷ್ಟು.” ಇಂಗು? “ಕಡಲೆಯಷ್ಟು ಸಾಕು.” ಉಪ್ಪಿಗೆ ಬಂದರೆ ಹೋಲಿಕೆಯೂ ಇಲ್ಲ. “ಅಂದಾಜು ಹಾಕು ಮಾರಾಯ.” ಅಮ್ಮ ಪುತ್ತೂರಿನ ತನ್ನ ಅಡುಗೆಮನೆಯಲ್ಲಿ ನಿಂತು ಹೇಳುತ್ತಾಳೆ. ನಾನು ಥಾಣೆ ಕಡೆಯ ಕಲ್ಯಾಣದಲ್ಲಿ, ಮೂರನೇ ಮಹಡಿಯ ಮನೆಯಲ್ಲಿ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹುಣಸೆಯ ಉಂಡೆ ಹಿಡಿದು ಕೇಳುತ್ತೇನೆ.

ನಮ್ಮ ಅಡುಗೆಯ ಅಳತೆಗಳನ್ನು ನಾನು ಗಮನಿಸಿದ್ದು ಹೀಗೆ ಕೇಳಿ ಕೇಳಿಯೇ. ಚಿಟಿಕೆ, ಹಿಡಿ, ಬೊಗಸೆ ಮೈಯಿಂದ ಬಂದವು. ಲಿಂಬೆ, ಅಡಿಕೆ, ನೆಲ್ಲಿಕಾಯಿ ತೋಟದಿಂದ ಬಂದವು. ದೋಸೆಯ ಹದ, ಇಡ್ಲಿಯ ಹದ, ಎಳೆಪಾಕ ಕಣ್ಣು ಬೆರಳುಗಳಿಂದ ಬಂದವು. ತೋಟ ಬಿಟ್ಟು ಬಂದವನಿಗೆ ಈ ತಕ್ಕಡಿಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಗುತ್ತದೆ. ನನಗೆ ಅದನ್ನು ಕಟ್ಟಿಕೊಟ್ಟದ್ದು ಪತ್ರೊಡೆ.

ಆಟಿ ತಿಂಗಳಲ್ಲಿ ಊರಿನಲ್ಲಿ ಪತ್ರೊಡೆ ಮಾಡದ ಮನೆ ಕಡಿಮೆ. ಹೊರಗೆ ಜಡಿಮಳೆ, ಒಳಗೆ ಹಬೆಯೇರಿದ ಕೆಸುವಿನೆಲೆಯ ಪರಿಮಳ. ಇಲ್ಲಿಯೂ ಮಳೆಗೇನು ಕೊರತೆಯಿಲ್ಲ. ಜುಲೈ ಬಂತೆಂದರೆ ಮುರಬಾಡ, ಶಹಾಪುರದ ಕಡೆಯ ಹೆಂಗಸರು ಸೊಪ್ಪಿನ ಬುಟ್ಟಿ ಹೊತ್ತು ಬಂದು ಸ್ಟೇಷನ್ ಹತ್ತಿರ ಗೋಣಿ ಹಾಸಿ ಕೂರುತ್ತಾರೆ. ಅವರು ‘ಟಾಕಳಾ’ ಎಂದು ಮಾರುವುದು ನಮ್ಮ ತಗತೆ ಸೊಪ್ಪು. ‘ಕರಟೋಲಿ’ ಎಂದರೆ ಮಡಹಾಗಲ. ‘ಅಳೂ’ ಎಂದರೆ ಕೆಸು. ಪರವೂರಿನ ಬೀದಿಯಲ್ಲಿ ಬಾಲ್ಯದ ಸೊಪ್ಪುಗಳನ್ನು ಬೇರೆ ಹೆಸರಿನಲ್ಲಿ ಕಂಡ ದಿನ ನಾನು ಆಫೀಸಿನ ಚೀಲದಲ್ಲೇ ಎರಡು ಕಟ್ಟು ಎಲೆ ತುಂಬಿಕೊಂಡು ಮನೆಗೆ ಬಂದೆ.

ಆ ಮೊದಲ ಪತ್ರೊಡೆ ಬಾಯಿಗಿಟ್ಟ ಕೂಡಲೇ ಗಂಟಲು ತುರಿಸಿತು. ಕೆಸುವಿನೆಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ತುರಿಸುವುದು ಅವೇ. ಹುಳಿಯೂ ಚೆನ್ನಾಗಿ ಬೇಯುವುದೂ ಸೇರಿ ಆ ತುರಿಕೆಯನ್ನು ಅಡಗಿಸಬೇಕು. ನಾನು ಹಾಕಿದ್ದ ಹುಳಿ ಇಲ್ಲಿನ ಸಣ್ಣ ಲಿಂಬೆಯ ಗಾತ್ರದ್ದು. ಅಮ್ಮ ಹೇಳಿದ್ದು ನಮ್ಮ ಹಿತ್ತಿಲಿನ ಲಿಂಬೆ.

ಪಕ್ಕದ ಮನೆಯ ಕಾಕೂ ಮಿಕ್ಕ ಎಲೆಗಳನ್ನು ನೋಡಿ, “ಇದು ಭಾಜಿಯ ಅಳೂ. ವಡಿಗೆ ಕಪ್ಪು ದಂಟಿನದ್ದು ತರಬೇಕು” ಎಂದರು. ಮರುವಾರ ತಾವೇ ತಂದುಕೊಟ್ಟರು. ಎಲೆಯನ್ನು ಬೋರಲು ಹಾಕಿ, ದಪ್ಪ ನರಗಳನ್ನು ಚಾಕುವಿನಿಂದ ಹೆರೆದು, ಮೇಲೆ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿದರು. ಬಿರುಸಾಗಿದ್ದ ಎಲೆ ಬಟ್ಟೆಯಂತೆ ಮೆತ್ತಗಾಯಿತು. ಅವರ ಅಳೂವಡಿಗೆ ಕಡಲೆಹಿಟ್ಟು, ನಮ್ಮ ಪತ್ರೊಡೆಗೆ ನೆನೆಸಿದ ಬೆಳ್ತಿಗೆ ಅಕ್ಕಿ. ಅಷ್ಟು ಬಿಟ್ಟರೆ ಅದೇ ಹುಣಸೆ, ಅದೇ ಬೆಲ್ಲ, ಅದೇ ಸುರುಳಿ.

ಅಂದು ಅಕ್ಕಿಯನ್ನು ಕೊತ್ತಂಬರಿ, ಜೀರಿಗೆ, ಬ್ಯಾಡಗಿ ಮೆಣಸು, ಅರಸಿನ, ಹುಳಿ, ಬೆಲ್ಲದೊಂದಿಗೆ ಸ್ವಲ್ಪ ತರಿಯಾಗಿ ರುಬ್ಬಿದೆ. ಬ್ಯಾಡಗಿ ಮೆಣಸು ಬಣ್ಣವನ್ನು ಧಾರಾಳವಾಗಿ ಕೊಡುತ್ತದೆ, ಖಾರವನ್ನು ಹಿತವಾಗಿ. “ಸವರಿದ ಹಿಟ್ಟು ಎಲೆಯಿಂದ ಜಾರಬಾರದು, ಬೆರಳಿಗೆ ಅಂಟಿ ಎದ್ದೂ ಬರಬಾರದು” ಎಂದಿದ್ದಳು ಅಮ್ಮ. ಹಿಟ್ಟನ್ನು ನಾಲಿಗೆಗೆ ಹಚ್ಚಿ ನೋಡಿದಾಗ ಹುಳಿ, ಉಪ್ಪು, ಖಾರ ಎಲ್ಲವೂ ಒಂದು ಗೆರೆ ಮುಂದಿರಬೇಕು. ಬೇಯುವಾಗ ಎಲೆ ತನ್ನ ಪಾಲು ತೆಗೆದುಕೊಳ್ಳುತ್ತದೆ. ದೊಡ್ಡ ಎಲೆ ಕೆಳಗೆ, ಅದರ ಮೇಲೆ ತಲೆ ಬುಡ ಬದಲಿಸಿ ಇನ್ನೊಂದು, ಮತ್ತೊಂದು. ಎರಡು ಬದಿ ಮಡಚಿ ಬಿಗಿಯಾಗಿ ಸುತ್ತಿ ಇಡ್ಲಿಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದೆ. ಕಿಟಕಿಯ ಗಾಜು ಹೊರಗಿನಿಂದ ಮಳೆಗೆ, ಒಳಗಿನಿಂದ ಹಬೆಗೆ ಮಂಜಾಯಿತು.

ಆರಿದ ಮೇಲೆ ಕುಯ್ದರೆ ಹಸಿರು, ಕೆಂಪು ಸುರುಳಿಗಳು. ಒಂದು ಬಿಲ್ಲೆಯ ಮೇಲೆ ತೆಂಗಿನೆಣ್ಣೆ ಬಿಟ್ಟುಕೊಂಡು ತಿಂದೆ. ಗಂಟಲು ಸುಮ್ಮನಿತ್ತು. ಅದು ಅಮ್ಮನ ಪತ್ರೊಡೆಯಾಗಿರಲಿಲ್ಲ. ಆದರೆ ಆ ಹುಳಿಯಲ್ಲಿ ಅವಳ ಮಾತಿತ್ತು, ಎಲೆಯ ಮೆದುತನದಲ್ಲಿ ಕಾಕೂವಿನ ಕೈಯಿತ್ತು. ಊರಿಂದ ದೂರ ಇದ್ದೇನೆಂಬ ಭಾರ ಆ ಸಂಜೆ ಸ್ವಲ್ಪ ಇಳಿಯಿತು.

ಥಾಣೆಯಿಂದ ಕಲ್ಯಾಣಕ್ಕೆ ರೈಲು ಬಂದದ್ದು 1854ರಲ್ಲಿ. ಅಂದಿನಿಂದ ಎಷ್ಟೋ ಊರಿನವರು ಇಲ್ಲಿ ಇಳಿದು ಒಲೆ ಹೂಡಿದ್ದಾರೆ. ಪ್ರತಿಯೊಬ್ಬರೂ ತಮ್ಮ ಮನೆಯ ರುಚಿಯನ್ನು ಇಲ್ಲಿನ ನೀರಿಗೆ, ಇಲ್ಲಿನ ಎಲೆಗೆ ಹೊಂದಿಸಿಕೊಂಡಿರಬೇಕು. ಬರೆದ ಪಾಕವಿಧಾನ ಪದಾರ್ಥಗಳನ್ನು ಹೇಳಬಲ್ಲದು. ಹೊಂದಿಸುವುದನ್ನು ಕೈಯೇ ಕಲಿಯಬೇಕು. ಸಂಜೆ ದಣಿದು ಬಂದವನಿಗೆ ತನ್ನ ಕೈ ತನ್ನನ್ನು ಸಾಕಬಲ್ಲದೆಂಬ ಧೈರ್ಯ ಹುಟ್ಟುವುದೂ ಅಲ್ಲಿಯೇ.

ಈ ಮಳೆಗಾಲ ಕಾಕೂಗೆ ಒಂದು ಸುರುಳಿ ಕೊಟ್ಟೆ. ಮರುದಿನ ತೊಳೆದ ತಟ್ಟೆಯಲ್ಲಿ ಅಳೂವಡಿ ಇಟ್ಟುಕೊಂಡು ಬಂದು, ಅಕ್ಕಿಗೆ ಹುಳಿ ಎಷ್ಟು ಹಾಕಿದೆ ಎಂದು ಕೇಳಿದರು. ಲಿಂಬೆ ಗಾತ್ರ ಎನ್ನಲು ಬಾಯಿ ತೆರೆದವನು ನಿಲ್ಲಿಸಿ, “ಅಂದಾಜೇ, ಕಾಕೂ” ಎಂದೆ. ಅವರು ತಲೆಯಾಡಿಸಿದರು. ಅವರ ಮರಾಠಿಯಲ್ಲೂ ಅದೇ ಮಾತು.