ಕಳೆದುಹೋದ ಕೈಮರ

ನಮ್ಮೂರ ಹೆಸರು ಹ್ಯಾಂಡ್‌ಪೋಸ್ಟ್. ಚಿಕ್ಕಮಗಳೂರಿನವರು ಇಂಥದ್ದನ್ನೇ ಕೈಮರ ಅಂದರು, ಮಂಗಳೂರು ಕಡೆಯವರು ಕೈಕಂಬ ಅಂದರು. ಎಚ್.ಡಿ. ಕೋಟೆಯವರಾದ ನಾವು ಮಾತ್ರ ಇಂಗ್ಲಿಷನ್ನೇ ಉಳಿಸಿಕೊಂಡು, ನಾಲಿಗೆಗೆ ಒಗ್ಗಿಸಿ ‘ಆಂಡ್‌ಪೋಸ್ಟು’ ಮಾಡಿಕೊಂಡೆವು. ದಾರಿ ತೋರುವ ಆ ಕಂಬವನ್ನು ನಾನಂತೂ ಕಂಡಿಲ್ಲ. ಕಂಬ ಹೋದ ಮೇಲೆ ಅದರ ಕೆಲಸ ಊರವರ ಪಾಲಿಗೆ ಬಂತು. ಟೀ ಅಂಗಡಿ ಮುಂದೆ ಕೂತಿದ್ದರೆ ಸಾಕು, ಕಾರು ನಿಲ್ಲುತ್ತದೆ, ಗಾಜು ಇಳಿಯುತ್ತದೆ. “ಕಬಿನಿ ಡ್ಯಾಮಿಗೆ ಹೆಂಗೆ?” “ಸರಗೂರು ಯಾವ ಕಡೆ?” ಬಾಯಲ್ಲಿ ಬೋಂಡ ಇದ್ದರೂ ಕೈ ತಾನಾಗಿ ಏಳುತ್ತದೆ. ‘ಗೊತ್ತಿಲ್ಲ’ ಅನ್ನುವ ಮಾತು ನಮ್ಮೂರಲ್ಲಿ ಚಲಾವಣೆಯಲ್ಲಿಲ್ಲ.

ಇಂಥ ಊರಿನವನಾದ ನಾನು ಬ್ಯಾಂಕಾಕಿನಲ್ಲಿ ಕಳೆದುಹೋದೆ.

ಹೋಗಬೇಕೆಂದು ಹೋದವನಲ್ಲ. ತಂಗಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. 2023ರ ನವೆಂಬರಿನಲ್ಲಿ ಥಾಯ್ಲೆಂಡಿನವರು ಭಾರತೀಯರಿಗೆ ವೀಸಾ ಬೇಡ ಅಂದದ್ದೇ ತಡ, ಅವನಿಗೆ ಸೋದರಮಾವನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. “ಮಾಮ, ನೀವು ಮೈಸೂರು ಬಿಟ್ಟು ಬೇರೆ ಊರೇ ನೋಡಿಲ್ಲ. ಬನ್ನಿ” ಅಂದ. ಮನೆಯಲ್ಲಿ ಅವ್ವನನ್ನು ಒಪ್ಪಿಸುವುದೇ ಕಷ್ಟ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ, “ಎಷ್ಟೊತ್ತಿನ ದಾರಿ?” ವಿಮಾನ ಹತ್ತಿದರೆ ನಾಲ್ಕು ಗಂಟೆ ಅಂದೆ. “ಹಂಗಾರೆ ಬೆಂಗ್ಳೂರ್ಗಿಂತ್ಲೂ ಹತ್ರ ಕನ, ಓಗ್ಬುಟ್ಟು ಬಾ” ಅಂದಳು. ಲೆಕ್ಕ ತಪ್ಪಿರಲಿಲ್ಲ. ಊರಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗಿ ಮುಟ್ಟಲು ಹಿಡಿದ ಹೊತ್ತಿಗಿಂತ ಮುಂದಿನ ಪಯಣ ಬೇಗ ಮುಗಿಯಿತು.

ಇಳಿದ ನಿಲ್ದಾಣದ ಹೆಸರು ಸುವರ್ಣಭೂಮಿ. ಹೆಸರು ಓದಿ, ಅರೆ, ನಮ್ಮೋರೇ ಅನ್ನಿಸಿತು. ಹೊರಗೆ ಬಂದೊಡನೆ ಆ ಭ್ರಮೆ ಬೆವರಿನ ಜೊತೆ ಇಳಿದುಹೋಯಿತು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಬಾಗಿಲು ತೆರೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಆ ಕಾವು. ವ್ಯತ್ಯಾಸ ಇಷ್ಟೇ: ಬ್ಯಾರನ್ನಿನೊಳಗೆ ಸೊಪ್ಪು ಒಣಗುತ್ತದೆ, ಇಲ್ಲಿ ನಾನು ಒದ್ದೆಯಾಗುತ್ತಲೇ ಬೆಂದೆ.

ಟ್ಯಾಕ್ಸಿಯಲ್ಲಿ ಕೂತು ತಂಗಿ ಮಗ ಊರಿನ ನಿಜವಾದ ಹೆಸರು ಹೇಳಿದ. ಬ್ಯಾಂಕಾಕ್ ಅನ್ನುವುದು ಹೊರಗಿನವರ ಬಾಯಿಮಾತಂತೆ. ಅಲ್ಲಿನವರಿಗೆ ಅದು ಕ್ರುಂಗ್ ಥೇಪ್, ದೇವತೆಗಳ ನಗರ. ಅದೂ ಮೊಟಕು ಮಾಡಿದ ಹೆಸರು. 1782ರಲ್ಲಿ ಮೊದಲನೇ ರಾಮ ಇಲ್ಲಿ ರಾಜಧಾನಿ ಕಟ್ಟಿದ. ಈ ಊರಿನ ಪೂರ್ತಿ ಹೆಸರಿಗೆ ಇಂಗ್ಲಿಷ್ ಲಿಪಿಯಲ್ಲಿ 168 ಅಕ್ಷರ. ಫೋನಿನಲ್ಲಿ ಅದನ್ನು ಓದಿಸಿ ಕೇಳಿಸಿದ. ಮಹಾನಖೊನ್ ಅಂದರೆ ನಮ್ಮ ಮಹಾನಗರ. ಅಯುಥಯ ಅಂದರೆ ಅಯೋಧ್ಯೆ. ನೊಪ್ಪರತ್ ಅಂದರೆ ನವರತ್ನ. ಮಹೇಂದ್ರ, ಅಮರ, ಅವತಾರ, ಕೊನೆಗೆ ವಿಶ್ವಕರ್ಮ. ಶಾಸನದಲ್ಲಿ ರಾಜನ ಬಿರುದುಗಳನ್ನು ಉಸಿರು ಬಿಡದೆ ಓದಿದ ಹಾಗಿತ್ತು. ನಡುವೆ ಒಂದು ಕಡೆ ‘ರಾಜನಿವೇಶನ’ ಅಂತ ಬಂದಾಗ ಕಿವಿ ನಿಮಿರಿತು. ಎಷ್ಟು ದೊಡ್ಡ ದೊರೆಯಾದರೂ ಕೊನೆಗೆ ಬೇಕಾದದ್ದು ಒಂದು ಸೈಟು! ಅರಮನೆ ಅಂತ ಅರ್ಥ ಮಾಮ ಅಂದ. ಇರಬಹುದು. ಕಂದಾಯ ಇಲಾಖೆಗೆ ಅಲೆದವನ ಕಿವಿಗೆ ಸೈಟಾಗಿಯೇ ಕೇಳಿಸಿತು.

ಟ್ಯಾಕ್ಸಿ ಮುಂದೆ ಹೋಗಲಿಲ್ಲ. ಕೇಳಿದರೆ ನಾಲ್ಕನೇ ರಾಮ ಜಾಮ್ ಆಗಿದ್ದಾನೆ ಅಂದ. ಅಲ್ಲಿ ರಾಜರೆಲ್ಲ ರಾಮರು, ರಸ್ತೆಗಳಿಗೂ ಅವರದೇ ನಂಬರು. ನಾಲ್ಕನೇ ರಾಮನಿಂದ ತಪ್ಪಿಸಿಕೊಂಡವರು ಒಂಬತ್ತನೇ ರಾಮನ ಕೈಗೆ ಸಿಗುತ್ತಾರೆ. ಕಂಬದಿಂದ ಕಂಬಕ್ಕೆ ಕರಿ ವೈರುಗಳು ನಮ್ಮ ಕಾಡಂಚಿನ ಲಂಟಾನದ ಹಾಗೆ ಗೋಜಲು ಗೋಜಲಾಗಿ ಹಬ್ಬಿದ್ದವು. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಬೈಕಿನವರು ಕಾರುಗಳ ಸಂದಿಯಲ್ಲಿ ನುಗ್ಗುತ್ತಿದ್ದರು, ಹಿಂದೆ ಆಫೀಸಿನ ಹೆಂಗಸರು ಒಂದೇ ಕಡೆಗೆ ಕಾಲು ಹಾಕಿ, ನಮ್ಮೂರ ಸಂತೆಗೆ ಹೊರಟವರಂತೆ, ಮೊಬೈಲು ನೋಡುತ್ತ ಕೂತಿದ್ದರು. ತಲೆಯ ಮೇಲೆ ರೈಲು. ಅದರ ಕೆಳಗೆ ಒಂದು ಕೋಟಿ ಮೀರಿದ ಜನ. ಆಶ್ಚರ್ಯ ಏನೆಂದರೆ, ಇಷ್ಟರಲ್ಲೂ ಹಾರನ್ ಇಲ್ಲ. ಯಾರೂ ಯಾರ ತಾಯಿಯನ್ನೂ ನೆನೆಯುತ್ತಿಲ್ಲ. ತಾಗಿದರೂ ತಡೆದರೂ ‘ಮೈ ಪೆನ್ ರಾಯ್’ ಅನ್ನುತ್ತಾರೆ. ಹಾಗಂದರೇನು ಅಂತ ತಂಗಿ ಮಗ ಇಂಗ್ಲಿಷಿನಲ್ಲಿ ಏನೇನೋ ವಿವರಿಸಿದ. ನಮ್ಮ ‘ಇರ್ಲಿ ಬುಡಿ’ ಅಷ್ಟೇ.

ಎರಡನೇ ದಿನ ರಾಚಪ್ರಸೋಂಗ್ ಅನ್ನುವ ಕೂಡುರಸ್ತೆಗೆ ಹೋದೆವು. ಸುತ್ತ ಗಾಜಿನ ಮಾಲುಗಳು, ಮೂಲೆಯಲ್ಲಿ ಒಂದು ಗುಡಿ. ಒಳಗೆ ಚತುರ್ಮುಖ ಬ್ರಹ್ಮ. ನಮ್ಮಲ್ಲಿ ಹುಡುಕಿದರೂ ಸಿಗದ ದೇವರು ಇಲ್ಲಿ ಟ್ರಾಫಿಕ್ಕಿನ ನಡುವೆ ಚಿನ್ನದಂತೆ ಹೊಳೆಯುತ್ತ ಕೂತಿದ್ದ. ಪಕ್ಕದಲ್ಲಿ ಹೋಟೆಲು ಕಟ್ಟುವಾಗ ಒಂದಲ್ಲ ಒಂದು ವಿಘ್ನ ಬಂದು, ಜೋಯಿಸರ ಮಾತಿನಂತೆ 1956ರಲ್ಲಿ ಇವನನ್ನು ಕೂರಿಸಿದರಂತೆ. ಗುಡಿಯ ಹೆಸರು ಎರವಾನ್, ಅಂದರೆ ಐರಾವತ. ಹರಕೆ ತೀರಿದವರು ಚೆಂಡುಹೂವಿನ ಹಾರ ಹಾಕಿ ಮರದ ಆನೆ ಒಪ್ಪಿಸುತ್ತಾರೆ. ಸಾಲು ಸಾಲು ಆನೆ ನೋಡಿ ನನ್ನ ಎದೆ ಧಸಕ್ಕೆಂದಿತು. ಬೇಡಿದ್ದು ಸಿಕ್ಕಿತೆಂದು ಆನೆ ಕೊಡುವ ಜನ ಇವರು. ಬಾಳೆತೋಟಕ್ಕೆ ಆನೆ ಬರದಿರಲಿ ಎಂದೇ ಹರಕೆ ಹೊರುವವರು ನಾವು. ಎರಡೂ ಅರ್ಜಿ ಒಬ್ಬನ ಮುಂದೆ ಹೋದರೆ ನಾಲ್ಕು ತಲೆಯೂ ಸಾಲದು.

“ಮಾಮ, ಇಲ್ಲೇ ನಿಂತಿರಿ, ಸಿಮ್ ತರ್ತೀನಿ” ಅಂತ ಅವನು ಹೋದ. ನಿಂತೇ ಇದ್ದೆ. ಆದರೆ ಎದುರಿನ ತಿರುವಿನಲ್ಲಿ ಗಾಡಿಯವಳೊಬ್ಬಳು ಸೀಬೆಕಾಯಿ ಹೆಚ್ಚುತ್ತಿದ್ದಳು. ಅಂಗೈಯಗಲದ ಹಸಿರು ಕಾಯಿ. ನಾಲ್ಕೇ ಏಟಿಗೆ ಹೋಳು ಮಾಡಿ, ಚೀಲಕ್ಕೆ ಸುರಿದು, ಉಪ್ಪು ಸಕ್ಕರೆ ಖಾರ ಬೆರೆಸಿದ ಪುಡಿಯ ಪುಟ್ಟ ಪೊಟ್ಟಣ ಒಳಗೆ ಹಾಕಿ, ಬಿದಿರು ಕಡ್ಡಿ ಚುಚ್ಚಿ ಕೊಡುತ್ತಿದ್ದಳು. ಇಪ್ಪತ್ತು ಬಾತ್ ಕೊಟ್ಟೆ. ಕಡಿದರೆ ಇಸ್ಕೂಲಿನ ಗೇಟಿನ ಮುಂದೆ ಕದ್ದು ತಿಂದ ಸೀಬೆಯ ರುಚಿ. ಸಕ್ಕರೆ ಮಾತ್ರ ಅಧಿಕಪ್ರಸಂಗ. ತಿನ್ನುತ್ತ ತಿರುಗಿದರೆ ಯಾವ ಮಾಲು ಯಾವುದೋ, ಯಾವ ಮೆಟ್ಟಿಲು ಯಾವುದೋ. ಫೋನಿಗೆ ನೆಟ್‌ವರ್ಕ್ ಇಲ್ಲ. ಹೋಟೆಲಿನ ಹೆಸರು ನೆನಪಿಲ್ಲ. ಹೇಗೋ ಹೂವಿನ ವಾಸನೆ ಹಿಡಿದು ಬ್ರಹ್ಮನ ಹತ್ತಿರ ಮರಳಿದೆ. ಆ ಊರಿನಲ್ಲಿ ನನಗೆ ಪರಿಚಯವಿದ್ದವನು ಅವನೊಬ್ಬನೇ.

ಅಪ್ಪ ನೆನಪಾದರು. ಏಳು ವರ್ಷದವನಿದ್ದಾಗ ದಸರಾಕ್ಕೆಂದು ಮೈಸೂರಿಗೆ ಕರೆದುಕೊಂಡು ಹೋಗಿದ್ದರು. ಬಸ್ಸು ಇಳಿಯುವ ಮುಂಚೆ ಪಂಚೆಯ ತುದಿಯನ್ನು ನನ್ನ ಕೈಗೆ ಕೊಟ್ಟು, “ತಪ್ಪಿಸ್ಕಂಡ್ರೆ ಅಲ್ಲೇ ನಿಂತ್ಕೊ. ಅಳ್ಬೇಡ, ಅಲುಗಾಡ್ಬೇಡ. ನಾನೇ ಬತ್ತೀನಿ” ಅಂದಿದ್ದರು. ವಸ್ತುಪ್ರದರ್ಶನದಲ್ಲಿ ಬಣ್ಣದ ಗಿರಗಿಟ್ಲೆ ನೋಡುತ್ತ ನಿಂತವನ ಕೈಯಿಂದ ಪಂಚೆ ಜಾರಿತ್ತು. ನಿಂತೆ. ಜನದ ಕಾಲುಗಳ ನಡುವೆ ಬಿಳಿ ಪಂಚೆ ಕಂಡಾಗೆಲ್ಲ ಅಪ್ಪ ಅಂದುಕೊಂಡೆ. ಎಷ್ಟೋ ಪಂಚೆ ದಾಟಿದ ಮೇಲೆ ಒಂದು ನನ್ನ ಮುಂದೆ ನಿಂತಿತು. ಬೈಯಲಿಲ್ಲ. ಗಿರಗಿಟ್ಲೆ ಕೊಡಿಸಿದರು. ಅಪ್ಪ ಹೋಗಿ ಹತ್ತೊಂಬತ್ತು ವರ್ಷವಾಯಿತು. ಅವರು ಮೈಸೂರು ದಾಟಿ ಎಲ್ಲಿಗೂ ಹೋದವರಲ್ಲ.

ಬ್ಯಾಂಕಾಕಿನ ಆ ಮೂಲೆಯಲ್ಲೂ ಹಾಗೇ ನಿಂತೆ. ಅಳಲಿಲ್ಲ, ಅಲುಗಾಡಲಿಲ್ಲ. ಪಂಚೆ ಉಟ್ಟವರು ಯಾರೂ ಬರಲಿಲ್ಲ. ಬಂದವರು ಯೂರೋಪಿನವರಂತೆ ಕಂಡ ಮುದುಕ-ಮುದುಕಿ, ಬೆನ್ನಿಗೆ ಒಂದೊಂದು ಚೀಲ. ಅಷ್ಟು ಹೊತ್ತು ಗಟ್ಟಿಯಾಗಿ ನಿಂತವನು ಈ ಊರಿನವನೇ ಇರಬೇಕು ಅನ್ನಿಸಿತೇನೋ, ಮುದುಕಿ ಕೇಳಿದಳು, “ರಿವರ್?”

ನನ್ನ ಬಾಯಲ್ಲಿ ಸೀಬೆ ಇತ್ತು. ಕೈ ತಾನಾಗಿ ಎದ್ದಿತು. ಇಬ್ಬರೂ ಕೈ ಮುಗಿದು ಹೊರಟರು.

ಮುಕ್ಕಾಲು ಗಂಟೆಯ ಮೇಲೆ ತಂಗಿ ಮಗ ಬೆವರೊರೆಸಿಕೊಳ್ಳುತ್ತ ಬಂದ. “ಎಲ್ಲೋಗಿದ್ರಿ ಮಾಮ? ಪೊಲೀಸ್ ಹತ್ರ ಹೋಗೋನಿದ್ದೆ!” “ಇಲ್ಲೇ ನಿಂತಿದ್ನಲ್ಲಪ್ಪ” ಅಂದೆ. ಅವನು ನಂಬಲಿಲ್ಲ. ಚೀಲದಲ್ಲಿ ಉಳಿದ ಸೀಬೆ ಕೊಟ್ಟೆ, ತಿಂದ.

ರಾತ್ರಿ ಹೊಸ ಸಿಮ್ಮಿನಲ್ಲಿ ಮ್ಯಾಪು ತೆರೆದು ತೋರಿಸಿದ. ಚಾವೊ ಪ್ರಯಾ ನದಿ ಬ್ರಹ್ಮನ ಗುಡಿಯಿಂದ ಪಶ್ಚಿಮಕ್ಕಿದೆ. ನಾನು ತೋರಿಸಿದ್ದು ಪೂರ್ವ. ಬೆನ್ನಿಗೆ ಚೀಲ ಹಾಕಿಕೊಂಡ ಆ ಮುದುಕ-ಮುದುಕಿ ಎಂದಾದರೂ ಕಬಿನಿ ನೋಡಲು ಬಂದು, ಹ್ಯಾಂಡ್‌ಪೋಸ್ಟಿನಲ್ಲಿ ನಿಮ್ಮನ್ನೇ ದಾರಿ ಕೇಳಿದರೆ, ದಯವಿಟ್ಟು ಸರಿಯಾದ್ದನ್ನೇ ತೋರಿಸಿ. ಟೀ ದುಡ್ಡು ನನ್ನ ಲೆಕ್ಕಕ್ಕೆ ಬರೆಸಿ.