ಬಹಿಷ್ಕೃತ: ಆರು ಅಕ್ಷರ

ಇ, ಎ, ಎಲ್, ಟಿ. ಈ ನಾಲ್ಕು ಅಕ್ಷರಗಳನ್ನು ಒಂದೊಂದು ಸಲ ಮಾತ್ರ ಬಳಸಿದರೆ ಅರ್ಥವುಳ್ಳ ಇಂಗ್ಲಿಷ್ ಪದಗಳು ಎಷ್ಟಾಗುತ್ತವೆ? ಬ್ಯಾಂಕು, ಸ್ಟಾಫ್ ಸೆಲೆಕ್ಷನ್ ಪರೀಕ್ಷೆಗಳಿಗೆ ಓದುವ ಪುಸ್ತಕಗಳಲ್ಲಿ ಇಂಥ ಪ್ರಶ್ನೆಗಳು ಪುಟಗಟ್ಟಲೆ ಇರುತ್ತವೆ. ಇದಕ್ಕೆ ರೀಸನಿಂಗ್ ಅಂತ ಹೆಸರು. ಬುದ್ಧಿ ಅಳೆಯುವ ಪ್ರಶ್ನೆಯಂತೆ. ಅಳೆಯುವುದು ಬುದ್ಧಿಯನ್ನೋ, ಹುಟ್ಟಿದ ಮನೆಯನ್ನೋ?

ಲೆಕ್ಕ ನೋಡಿ. ನಾಲ್ಕು ಬೇರೆ ಬೇರೆ ಅಕ್ಷರಗಳು 24 ರೀತಿಯಲ್ಲಿ ಕೂರುತ್ತವೆ. ಎಲ್ಲ ಬರೆದರೂ ಎರಡು ನಿಮಿಷದ ಕೆಲಸ. ಬುದ್ಧಿ ಅಲ್ಲಿಗೆ ಮುಗೀತು. ಆ 24ರಲ್ಲಿ ಯಾವುದು ಪದ, ಯಾವುದು ಅಲ್ಲ ಅನ್ನೋದು ಬುದ್ಧಿಯಿಂದ ತಿಳಿಯುವುದಲ್ಲ, ಕೇಳಿ ತಿಳಿಯಬೇಕಾದ್ದು. ಕೇಳಿಸುವವರು ಮನೆಯಲ್ಲಿ ಇರಬೇಕು.

ಪುಸ್ತಕದ ಉತ್ತರ ಮೂರು: ಲೇಟ್, ಟೇಲ್, ಟೀಲ್. ಲೇಟನ್ನು ಬಸ್ಸೇ ಕಲಿಸಿದೆ. ಟೇಲ್ ಅಂದರೆ ಕಥೆ, ಶಾಲೆಯಲ್ಲಿ ಸಿಕ್ಕೀತು. ಟೀಲ್ ಅಂದರೆ ಸಣ್ಣ ಕಾಡುಬಾತು, ಚಳಿಗಾಲದಲ್ಲಿ ನಮ್ಮ ದೇಶದ ಕೆರೆಹೊಳೆಗಳಿಗೂ ಬರುತ್ತದೆ. ಗಂಗೊಳ್ಳಿ ಹೊಳೆ ಬದಿಯ ಹುಡುಗ ಬಾತು ಕಂಡವನೇ. ಹಕ್ಕಿ ಕಂಡರೆ ಅಂಕವಿಲ್ಲ, ಇಂಗ್ಲಿಷ್ ಹೆಸರು ಗೊತ್ತಿದ್ದರೆ ಅಂಕ. ದೊಡ್ಡ ನಿಘಂಟು ತೆಗೆದರೆ ನಾಲ್ಕನೆಯದೂ ಉಂಟು: ಟಿ, ಎ, ಇ, ಎಲ್. ಚೀನಾದ ಹಳೇ ತೂಕದ ಹೆಸರು, ವ್ಯಾಪಾರದ ಹಡಗು ಹತ್ತಿ ಬಂದದ್ದು. ಆದರೆ ನಾಲ್ಕು ಅಂದವನಿಗೆ ಸೊನ್ನೆ.

ನನ್ನ ಅಬ್ಬಿ ಗೇರುಬೀಜದ ಕಾರ್ಖಾನೆಗೆ ಹೋಗುವವಳು. ಅವಳಿಗೆ ಗೊತ್ತಿರುವ ಇಂಗ್ಲಿಷ್ ಅಕ್ಷರ ಡಬ್ಲ್ಯು ಒಂದೇ. ಡಬ್ಲ್ಯು 320 ಅಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ. ಡಬ್ಲ್ಯು 240 ಅದಕ್ಕಿಂತ ದಪ್ಪದ್ದು. ತಕ್ಕಡಿ ಬೇಡ, ಕಣ್ಣಂದಾಜಿನಲ್ಲೇ ಬೇರೆ ಮಾಡಿ ಹಾಕುತ್ತಾಳೆ. ಇದಕ್ಕೆ ಯಾರೂ ರೀಸನಿಂಗ್ ಅನ್ನುವುದಿಲ್ಲ.

ಇನ್ನೊಂದು ಇಂಗ್ಲಿಷ್ ಪದವೂ ಅವಳಿಗೆ ಗೊತ್ತು, ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಕಟ್ಟಿಸಿಕೊಳ್ಳುವ ಠೇವಣಿಗೆ ಈ ಹೆಸರಿಟ್ಟಿತು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಐದಕ್ಷರದ ಆ ಪದ ಕೇರಿಯ ಬಾಯಲ್ಲಿ ಉಳಿಯಿತು. ನಮ್ಮ ಚಿಲ್ಲರೆ ಒಳಗೆ ಹೋಗಲು ಯಾವ ಪದಪರೀಕ್ಷೆಯೂ ಇರಲಿಲ್ಲ. ಆ ಕೌಂಟರಿನ ಒಳಗೆ ನಮ್ಮ ಮಕ್ಕಳು ಕೂರಬೇಕಾದರೆ ಮಾತ್ರ ಟೀಲ್ ಗೊತ್ತಿರಬೇಕು.

ಈ ಪಡುಗಡಲ ಕರೆಯಿಂದ ಇಂಗ್ಲಿಷು ಏನೂ ತಗೊಂಡಿಲ್ಲ ಅಂತಲ್ಲ. ಕಾಯರ್ ನಾಲ್ಕಕ್ಷರ, ಕೋಪ್ರಾ ಐದಕ್ಷರ, ಅರೆಕಾ ಐದಕ್ಷರ. ನಾರು, ಕೊಬ್ಬರಿ, ಅಡಿಕೆ. ಸರಕು ಹಡಗು ಹತ್ತಿತು, ಹೆಸರೂ ಹತ್ತಿತು. ನಾರು ಹೊಸೆದವರು? ಅವರೂ ನಿಘಂಟಿನಲ್ಲಿದ್ದಾರೆ. ಇಂಗ್ಲಿಷ್ ಪದಬಂಧಗಳಲ್ಲಿ ಮತ್ತೆ ಮತ್ತೆ ಬರುವ ಸುಳಿವು ನೋಡಿ. ಬಹಿಷ್ಕೃತ, ಆರು ಅಕ್ಷರ. ಉತ್ತರ: ಪರಾಯ. ತಮಿಳಿನ ಪರೈಯರ್ ಎಂಬ ಜಾತಿಹೆಸರಿನಿಂದ ಬಂದದ್ದು, ಅದರ ಮೂಲದಲ್ಲಿ ಇರುವುದು ಪರೈ ಎಂಬ ವಾದ್ಯ. ವಾದ್ಯ ಎಲ್ಲೋ ಬಿದ್ದುಹೋಯಿತು, ಮೈಲಿಗೆ ಮಾತ್ರ ಆರು ಮನೆ ತುಂಬಿತು. ಇನ್ನೊಂದು ಆರಕ್ಷರ, ಕೂಲಿ. ನಮಗೆ ಕೂಲಿ ಅಂದರೆ ದುಡಿದದ್ದಕ್ಕೆ ಸಿಗುವ ಹಣ. ಇಂಗ್ಲಿಷಿಗೆ ಕೂಲಿ ಅಂದರೆ ಮನುಷ್ಯ.

ಈಗ ನಾನೊಂದು ಐದಕ್ಷರ ಕೊಡುತ್ತೇನೆ. ಎ, ಜೆ, ಎ, ಎಲ್, ಯು. ಅಜಲು. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ಅನಿಷ್ಟ ಕಳೆಯಿತು ಅಂದುಕೊಂಡ ಪದ್ಧತಿ. 2000ದಲ್ಲಿ ಕರ್ನಾಟಕ ಇದನ್ನು ಕಾನೂನು ಮಾಡಿ ನಿಷೇಧಿಸಿತು. ಕಾನೂನಿನ ಇಂಗ್ಲಿಷ್ ಹೆಸರಿನಲ್ಲೇ ಈ ಪದ ಅಚ್ಚಾಗಿದೆ. ಪರೀಕ್ಷೆಯಲ್ಲಿ ಬರೆದರೆ, ಅರ್ಥವಿಲ್ಲದ ಪದ.

ಕನ್ನಡವೇನು ಸಾಚಾ? ಪತ್ರಿಕೆಯ ಪದಬಂಧದಲ್ಲಿ 'ಹೋಗಬೇಕು' ಕೂರುತ್ತದೆ. ನಮ್ಮ ಕುಂದಾಪ್ರದ 'ಹೋಯ್ಕ್' ಬರೆದರೆ ತಪ್ಪು.

ಹಾಗಂತ ಇಂಗ್ಲಿಷ್ ಬಿಡೋಣವಾ? ಖಂಡಿತ ಬೇಡ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಉಂಟು, ಇಂಗ್ಲಿಷ್ ಕಲಿಯಿರಿ ಅಂದದ್ದಕ್ಕೆ ಮಂತ್ರಿ ಪದವಿ ಹೋಯಿತು. ಮಾತು ಉಳಿಯಿತು. 2021ರಲ್ಲಿ ಕೇಂದ್ರ ಹಣಕಾಸು ಇಲಾಖೆ ಸರ್ಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕು ಅಂದಿತು. ಒಳ್ಳೆಯದೇ. ಆದರೆ ಇಂಗ್ಲಿಷ್ ಭಾಷೆಯ ಪ್ರಶ್ನೆಗಳ ಭಾಗ ಇಂಗ್ಲಿಷಿನಲ್ಲೇ ಉಳಿದಿದೆ.

ಆದ್ದರಿಂದ ನಾವು ಕೆಲವರು ಭಾನುವಾರ ಕುಂದಾಪುರದಲ್ಲಿ ಕೂಡುತ್ತೇವೆ. ಬೈಂದೂರಿನಿಂದ, ಬ್ರಹ್ಮಾವರದಿಂದ ಬಸ್ಸು ಹಿಡಿದು ಹುಡುಗ ಹುಡುಗಿಯರು ಬರುತ್ತಾರೆ. ಫೀಸಿಲ್ಲ. ಸ್ವರ ಬೇರೆ, ವ್ಯಂಜನ ಬೇರೆ ಬರೆಯಿರಿ ಅನ್ನುತ್ತೇವೆ. ಕೊನೆಗೆ ಇ ಇಟ್ಟು ನೋಡಿ, ಲೇಟ್, ಟೇಲ್ ಎರಡೂ ಸಿಗುತ್ತವೆ. ಇ, ಎ ಜೋಡಿ ಮಾಡಿ, ಟೀಲ್ ಬರುತ್ತದೆ. ಕ್ಯೂ ಕಂಡರೆ ಅದರ ಬೆನ್ನಿಗೆ ಯು ಹುಡುಕಿ. ಅಮೆರಿಕದ ಆಲ್ಫ್ರೆಡ್ ಬಟ್ಸ್ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳಕೊಂಡು ಕೂತಿದ್ದಾಗ, ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ಸ್ಕ್ರ್ಯಾಬಲ್ ಆಟ ಕಟ್ಟಿದ. ಅದರ 100 ಬಿಲ್ಲೆಗಳಲ್ಲಿ ಇ 12, ಕ್ಯೂ ಒಂದೇ. ನಿರುದ್ಯೋಗಿ ಎಣಿಸಿದ್ದು ನಿರುದ್ಯೋಗಿಗಳಿಗೆ ಉಪಯೋಗಕ್ಕೆ ಬರಲಿ.

ಹಳ್ಳಿ ಶಾಲೆಯ ಮಾಷ್ಟ್ರೇ, ಟೀಚರೇ, ಹಲಗೆಯ ಮೂಲೆಯಲ್ಲಿ ದಿನಕ್ಕೊಂದು ನಾಲ್ಕಕ್ಷರದ ಇಂಗ್ಲಿಷ್ ಪದ ಬರೆಯಿರಿ. ಅದರ ಪಕ್ಕ ಮಕ್ಕಳ ಮನೆಮಾತಿನ ಒಂದು ಪದ ಬರೆಸಿ. ಟೀಲ್ ಬರೆದ ದಿನ, ಆ ಹಕ್ಕಿಗೆ ನಿಮ್ಮ ಕೇರಿಯಲ್ಲಿ ಏನಂತಾರೆ ಅಂತ ಕೇಳಿ. ಮಕ್ಕಳು ಪರೀಕ್ಷೆ ಪಾಸಾಗಲಿ. ಪಾಸಾಗಿ ಪ್ರಶ್ನೆಪತ್ರಿಕೆ ತಯಾರಾಗುವ ಮೇಜಿನವರೆಗೂ ಹೋಗಲಿ. ಯಾವುದು ಪದ, ಯಾವುದು ಅಲ್ಲ ಅಂತ ತೀರ್ಮಾನವಾಗುವುದು ಅಲ್ಲಿ.